ತೆನೆ ಹಬ್ಬದಂದು ಮಾಡಿನ ಗುಬ್ಬಚ್ಚಿಯನ್ನೂ ನೆನೆಯೋಣ



ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮೋತ್ಸವದಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತೇವೆ. ನಮ್ಮ ಹಿರಿಯರ ಮನೆಗಳಲ್ಲಿ ಹೊಸ ಭತ್ತಕ್ಕೆ ಇನ್ನೊಂದು ಪಾಲುದಾರ ಜೀವವಿತ್ತು. ಅದೇ ಮಾಡಿನ ಗುಬ್ಬಚ್ಚಿ.

ಯೇಸುಸ್ವಾಮಿ ಈ ಹಕ್ಕಿಯ ಪೇಟೆ ದರವನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಮತ್ತಾಯನ ಶುಭಸಂದೇಶದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ, ಲೂಕನಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿದರೆ ಐದನೆಯದು ಬಿಟ್ಟಿ. ಆ ಬಿಟ್ಟಿ ಹಕ್ಕಿಯೂ ದೇವರ ನೆನಪಿನಲ್ಲಿದೆ. ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಲೂಕನ ಈ ಮಾತನ್ನೇ ನೆನಪಿಸಿದ್ದಾರೆ.

ವಿದೇಶಗಳಲ್ಲಿ ಮನೆಯ ಚಿಮಿಣಿಯೊಳಗೇ ಗೂಡು ಕಟ್ಟುವ ಹಕ್ಕಿಗಳಿವೆ. ನಮ್ಮ ಕಡೆ ಚಿಮಿಣಿ ಎಂದರೆ ಸೀಮೆಎಣ್ಣೆ ದೀಪ! ಒಲೆಯ ಹೊಗೆ ಹೆಂಚಿನ ಸಂದಿನಿಂದಲೇ ಹೊರಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿಯಲ್ಲೆಲ್ಲ ಹಬ್ಬಿದ ಆ ಮಾಡಿನಡಿ, ಗೋಡೆಗೂ ಪಕ್ಕಾಸಿಗೂ ನಡುವೆ ಗುಬ್ಬಚ್ಚಿ ಹುಲ್ಲು ತುರುಕಿ ಸಂಸಾರ ಹೂಡುತ್ತಿತ್ತು. ಮಣಿಪಾಲದ ಫ್ಲಾಟುಗಳಲ್ಲಿ, ಉಡುಪಿಯ ಟೆರೇಸ್ ಮನೆಗಳಲ್ಲಿ ಅಂಥ ಸಂದು ಎಲ್ಲಿದೆ?

ಗುಬ್ಬಚ್ಚಿ ಭೂಮಿಯಿಂದಲೇ ಮಾಯವಾಗುತ್ತಿದೆ ಎಂದು ಹೆದರಿಸುವುದು ಸರಿಯಲ್ಲ. ‘ಭಾರತದ ಹಕ್ಕಿಗಳ ಸ್ಥಿತಿ’ ಎಂಬ 2020ರ ವರದಿ, ದೇಶದಲ್ಲಿ ಒಟ್ಟಾರೆ ಅದರ ಸಂಖ್ಯೆ ಹೆಚ್ಚುಕಡಮೆ ಸ್ಥಿರವಾಗಿದೆ ಎಂದಿತು. ಆದರೆ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಇಳಿಮುಖ. ಮೊಬೈಲ್ ಟವರನ್ನು ದೂರುವುದು ನಮಗೆ ಸುಲಭ, ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಗೂಡಿಗೆ ಜಾಗವಿಲ್ಲ, ಮರಿಗೆ ಹುಳವಿಲ್ಲ, ಇವೇ ಮುಖ್ಯ ಕಾರಣವಿರಬೇಕು ಎನ್ನುತ್ತಾರೆ ತಿಳಿದವರು. ದೊಡ್ಡ ಹಕ್ಕಿ ಕಾಳು ತಿಂದರೂ ಎಳೆಮರಿಗೆ ಮೆತ್ತನೆಯ ಹುಳವೇ ಬೇಕು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಗಿಡಗಳಿಗೆ ವಿಷ ಸಿಂಪಡಿಸಿ, ಆಮೇಲೆ ಒಂದು ಮುಷ್ಟಿ ಅಕ್ಕಿ ಚೆಲ್ಲಿದರೆ ಮರಿ ಬದುಕೀತೇ?

ಕಾಪು, ಕಾರ್ಕಳದ ಕಡೆ ಹೆಂಚಿನ ಮನೆ ಉಳಿಸಿಕೊಂಡವರು ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರೆ. ಗೂಡಿನಲ್ಲಿ ಮರಿಗಳಿರುವ ಕಾಲವೂ ಅದೇ. ಕೆಲಸದವರನ್ನು ಮಾಡಿಗೆ ಹತ್ತಿಸುವ ಮುನ್ನ ಸ್ವಲ್ಪ ಹೊತ್ತು ಅಂಗಳದಲ್ಲಿ ಕೂತು ನೋಡಿ. ಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಒಂದೇ ಸಂದಿಗೆ ಮತ್ತೆ ಮತ್ತೆ ನುಗ್ಗುತ್ತಿದ್ದರೆ ಒಳಗೆ ಮರಿಗಳಿವೆ. ಕಾವಿಗೆ ಸುಮಾರು 12 ದಿನ, ಮರಿ ಹಾರಲು ಇನ್ನು 15 ದಿನ. ಆ ಮೂಲೆಯ ಕೆಲಸವನ್ನು ಕೊನೆಗೆ ಇಟ್ಟುಕೊಂಡರೆ ಸಾಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ತೂತಿನಲ್ಲಿ ಗೂಡು ಕಂಡರೆ ಅಷ್ಟು ದಿನ ಸ್ವಿಚ್ಚಿಗೆ ಟೇಪು ಅಂಟಿಸಿಡಿ. ಬಲೆ ಹಾಕುವುದಿದ್ದರೆ ಮರಿ ಹಾರಿದ ಮೇಲೆ.

ಟೆರೇಸ್ ಮನೆಯವರು ಮರದ ಪೆಟ್ಟಿಗೆಯೊಂದಕ್ಕೆ 32 ಮಿಲಿಮೀಟರ್ ತೂತು ಕೊರೆದು, ಬೆಕ್ಕಿಗೆ ಎಟುಕದಂತೆ ನೆರಳಿನಲ್ಲಿ ತೂಗುಹಾಕಬಹುದು. ತೂತು ದೊಡ್ಡದಾದರೆ ಮೈನಾ ನುಗ್ಗುತ್ತದೆ. ಹಕ್ಕಿ ಕೂಡಲೇ ಬರಲಿಲ್ಲವೆಂದು ಮರುವಾರವೇ ಪೆಟ್ಟಿಗೆ ಇಳಿಸಬೇಡಿ, ಒಂದೆರಡು ವರ್ಷ ಹಿಡಿದೀತು. ಗದ್ದೆ ಇದ್ದವರು ಈ ಹಬ್ಬಕ್ಕೆ ಆಶೀರ್ವಾದದ ತೆನೆಯನ್ನು ಮನೆಯ ಪೀಠದಲ್ಲಿಟ್ಟ ಮೇಲೆ, ಇನ್ನೊಂದು ಹಿಡಿ ತೆನೆಯನ್ನು ಜಗಲಿಯ ಅಡ್ಡಕ್ಕೆ ಕಟ್ಟಿಡಲಿ.