ಅಳತೆಗೋಲು ಯಾರ ಕೈಯಲ್ಲಿದೆ?

ಹಗಲುವೇಷದವರನ್ನು ನಮ್ಮ ಸೀಮೆಯ ಹಿರಿಯರು ಮರೆತಿರಲಾರರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತಣ ಹಳ್ಳಿಗಳಿಗೆ ಸುಗ್ಗಿಯ ಕಾಲದಲ್ಲಿ ಅವರು ಬಂದು ಬಿಡಾರ ಹೂಡುತ್ತಿದ್ದರು. ಒಂದು ದಿನ ರಾಮಲಕ್ಷ್ಮಣರು, ಮರುದಿನ ಭೀಮಸೇನ, ಮತ್ತೊಂದು ದಿನ ಮೋಹಿನಿ ಭಸ್ಮಾಸುರ. ಕೊನೆಯ ದಿನ ಮನೆಮನೆಗೂ ಬಂದು ಕಾಳುಕಡಿ ಪಡೆದು ಮುಂದಿನ ಊರಿಗೆ ಪಯಣ. ನನ್ನ ಬಾಲ್ಯದಲ್ಲಿ ಒಮ್ಮೆ ಅವರಲ್ಲೊಬ್ಬನು ಟೊಪ್ಪಿಗೆ ತೊಟ್ಟು, ಬೆತ್ತ ಹಿಡಿದು, ಅಮಲ್ದಾರನ ಠೀವಿಯಿಂದ ಓಣಿಯೊಳಗೆ ನಡೆದು ಬಂದನು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ಥಟ್ಟನೆ ಎದ್ದು ನಿಂತರು. ವೇಷವೆಂದು ತಿಳಿದ ಮೇಲೆ ಎಲ್ಲರೂ ನಕ್ಕರು. ಆದರೆ ಅವರು ಎದ್ದು ನಿಂತದ್ದಂತೂ ನಿಜ. ಅಧಿಕಾರವೆಂಬುದು ಮನುಷ್ಯನಲ್ಲಿದೆಯೋ, ಅವನ ಟೊಪ್ಪಿಗೆಯಲ್ಲಿದೆಯೋ ಎಂಬ ಪ್ರಶ್ನೆ ಅಂದು ನನ್ನ ಎಳೆಯ ಮನಸ್ಸಿನಲ್ಲಿ ಹುಟ್ಟಿತು.

ಅದೇ ಪ್ರಶ್ನೆಯನ್ನು ವೇಷದ ಮೂಲಕವೇ ಕೇಳುತ್ತಿರುವ ಕಲಾವಿದೆಯೊಬ್ಬರು ನಮ್ಮ ನಾಡಿನಲ್ಲಿದ್ದಾರೆ. ಅವರು ಪುಷ್ಪಮಾಲಾ ಎನ್. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದವರು. ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದ ಕೈ 1990ರ ದಶಕದ ಮಧ್ಯಭಾಗದಲ್ಲಿ ಬೇರೊಂದು ದಾರಿ ಹಿಡಿಯಿತು. ತಾವೇ ವೇಷ ಧರಿಸಿ, ಸನ್ನಿವೇಶವನ್ನು ಕಟ್ಟಿ, ಅಭಿನಯಿಸಿ, ಅದನ್ನು ಛಾಯಾಚಿತ್ರವಾಗಿ ನಿಲ್ಲಿಸುವುದು ಅವರ ಮಾರ್ಗವಾಯಿತು. ಶಿಲ್ಪಿಯ ದೇಹವೇ ಶಿಲ್ಪವಾಯಿತು ಎನ್ನಬಹುದು.

ಇವರ ಕೃತಿಗಳಲ್ಲಿ ಬಹಳ ಪ್ರಸಿದ್ಧವಾದುದು ದಕ್ಷಿಣ ಭಾರತದ ದೇಶೀ ಸ್ತ್ರೀಯರ ರೀತಿನೀತಿಗಳನ್ನು ಕುರಿತ ಚಿತ್ರಮಾಲೆ. ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಇದನ್ನು ರಚಿಸಿದರು. ನಮ್ಮ ತಾಯಂದಿರು ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದಿಲ್ಲವೇ? ಪ್ರತಿಯೊಂದು ತುಂಡಿಗೂ ತನ್ನದೇ ಪೂರ್ವಕಥೆಯಿದ್ದರೂ ಒಟ್ಟುಗೂಡಿದಾಗ ಹೊಸದೊಂದು ವಸ್ತು ಆಗುತ್ತದೆ. ಈ ಚಿತ್ರಮಾಲೆಯೂ ಅಂಥದೇ. ರಾಜಾ ರವಿವರ್ಮನ ಬೆಳದಿಂಗಳ ಸ್ತ್ರೀ, ಅವನ ಲಕ್ಷ್ಮಿ, ದಖ್ಖನಿ ಕಿರುಚಿತ್ರದ ಯೋಗಿನಿ, ವೇಲಾಂಕಣಿಯ ಮಾತೆ, ಚಲನಚಿತ್ರದ ನಾಯಕಿ, ದಿನಪತ್ರಿಕೆಯಲ್ಲಿ ಅಚ್ಚಾದ ಬಂಧಿತ ಸ್ತ್ರೀಯರು, ನೀಲಗಿರಿಯ ತೋಡ ಮಹಿಳೆ ಮುಂತಾಗಿ ಹತ್ತು ಮಾದರಿಗಳನ್ನು ಆಯ್ದು, ಬಣ್ಣದ ಪರದೆಗಳನ್ನು ಬರೆಸಿ, ಆಭರಣ ಉಡುಪುಗಳನ್ನು ಹೊಂದಿಸಿ, ತಾವೇ ಆ ಪಾತ್ರಗಳಾಗಿ ನಿಂತರು.

ದೇವಿಯ ವೇಷವನ್ನು ಕಲಾವಿದೆಯೊಬ್ಬರು ಹೀಗೆ ಧರಿಸಬಹುದೇ ಎಂದು ಸದ್ಭಕ್ತರಾದ ಕೆಲವರಿಗೆ ಅನಿಸೀತು. ನಮ್ಮ ಜಾತ್ರೆಯ ಬಯಲಾಟಗಳಲ್ಲಿ ಗಂಡಸರೇ ಪಾರ್ವತಿಯಾಗಿ, ಲಕ್ಷ್ಮಿಯಾಗಿ ಬಂದದ್ದನ್ನು ನಾವು ಕಣ್ತುಂಬ ನೋಡಿದ್ದೇವೆ, ಕೈ ಮುಗಿದಿದ್ದೇವೆ. ನಮ್ಮ ಜಗುಲಿಯ ಲಕ್ಷ್ಮಿಯ ಪಟವಾದರೂ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದಿಂದ ಮನೆಮನೆಗೆ ಬಂದ ರೂಪದ ಪರಂಪರೆಯದೇ. ನಾವು ಪರಂಪರೆಯೆಂದು ತಿಳಿದ ಚಿತ್ರಗಳನ್ನೂ ಯಾರೋ ಒಮ್ಮೆ ರಚಿಸಿದರು ಎಂಬುದನ್ನು ಕಲಾವಿದೆ ನೆನಪಿಸುತ್ತಾರೆ. ಅದು ನಿಂದೆಯಲ್ಲ, ವಿಚಾರಣೆ.

ಈ ಮಾಲೆಯಲ್ಲಿ ನನ್ನನ್ನು ಬಹುಕಾಲ ಕಾಡಿದ ಚಿತ್ರ ತೋಡ ಮಹಿಳೆಯದು. ಅದರ ಹಿನ್ನೆಲೆಯಲ್ಲಿ ಗಿಡಮರಗಳಿಲ್ಲ, ಮನೆಯಿಲ್ಲ. ಕಪ್ಪು ಬಿಳುಪಿನ ಚೌಕಗಳ ಪರದೆಯೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಮನುಷ್ಯರನ್ನು ಅಳೆಯಲು ಬಳಸುತ್ತಿದ್ದ ವಿಧಾನವಿದು. 1869ರಲ್ಲಿ ಲ್ಯಾಂಪ್ರೆ ಎಂಬವನು ಮರದ ಚೌಕಟ್ಟಿಗೆ ರೇಷ್ಮೆಯ ದಾರಗಳನ್ನು ಎರಡೆರಡು ಇಂಚಿನ ಚೌಕಗಳಾಗುವಂತೆ ಕಟ್ಟಿ, ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಹೆಸರು ಬೇಡ, ಮಾತು ಬೇಡ. ಎತ್ತರವೆಷ್ಟು, ತಲೆಯ ಸುತ್ತಳತೆಯೆಷ್ಟು, ಮೂಗಿನ ಅಗಲವೆಷ್ಟು ಎಂಬುದಷ್ಟೇ ಸಾಕಾಗಿತ್ತು. 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲೆ, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗಿರುತ್ತದೆ ಎಂಬ ಸಿದ್ಧಾಂತವನ್ನೇ ಮಂಡಿಸಿದ್ದನು.

ಇದು ದೂರದ ಕಥೆಯೆಂದು ನಾವು ಭಾವಿಸಬೇಕಾಗಿಲ್ಲ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ನಮ್ಮ ಸೀಮೆಯು 1800ರಲ್ಲಿ ಕಂಪನಿಯ ವಶವಾದಂದಿನಿಂದ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಮದ್ರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಅಳತೆಯ ಉಪಕರಣಗಳನ್ನು ಹೊತ್ತು ಪ್ರಾಂತವನ್ನೆಲ್ಲ ಸುತ್ತಿದನು. 1909ರಲ್ಲಿ ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟಗಳನ್ನು ಹೊರತಂದನು. ಅಕ್ಷರಾನುಕ್ರಮದ ಆ ಪಟ್ಟಿಯಲ್ಲಿ ಲಿಂಗಾಯತರಿಗೂ ಒಂದು ಸ್ಥಾನವಿದೆ. ಕುಲದ ಗೆರೆಯನ್ನೇ ಅಳಿಸಲು ಹೊರಟ ಶರಣಧರ್ಮವೂ ಜಾತಿಗಳ ಪಟ್ಟಿಯಲ್ಲಿ ಒಂದು ನಮೂದಾಗಿ ನಿಂತಿತು!

ಅಳತೆಯು ಕಾಗದದಲ್ಲಿಯೇ ಉಳಿಯಲಿಲ್ಲ. 1871ರ ಕಾನೂನೊಂದು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. 1911ರಿಂದ ಅದು ಮದ್ರಾಸ್ ಪ್ರಾಂತಕ್ಕೂ ವಿಸ್ತರಿಸಿತು. ಕೊರಚ ಸಮುದಾಯವು ಅದರ ಹೊಡೆತಕ್ಕೆ ಸಿಕ್ಕಿತು. ಸ್ವಾತಂತ್ರ್ಯಾನಂತರ, 1952ರಲ್ಲಿ, ಆ ಕಾನೂನು ರದ್ದಾಯಿತು. ಹಗ್ಗ ಹೊಸೆದು ಕಾಯಕ ಮಾಡಿದ ನುಲಿಯ ಚಂದಯ್ಯ ಶರಣರನ್ನು ತಮ್ಮವರೆಂದು ಗೌರವಿಸುವ ಜನ ಇವರು. ಅನುಭವಮಂಟಪವು ಯಾರನ್ನು ಕಾಯಕದಿಂದ ಗುರುತಿಸಿತೋ, ಅವರ ಪೀಳಿಗೆಯನ್ನು ಪರಕೀಯ ಪ್ರಭುತ್ವವು ಹುಟ್ಟಿನಿಂದ ಗುರುತಿಸಿತು. ಬಂಧಿತ ಸ್ತ್ರೀಯರ ಪಾತ್ರವಾಗಿ ಪುಷ್ಪಮಾಲಾ ಅವರು ಏಕೆ ನಿಂತರೆಂಬುದು ಈ ಇತಿಹಾಸವನ್ನು ಬಲ್ಲವರಿಗೆ ಅರ್ಥವಾಗುತ್ತದೆ. ಚಿತ್ರದಲ್ಲಿರುವವರನ್ನು ನೋಡಿದ ಕೂಡಲೇ ಇಂಥವರೆಂದು ನಿರ್ಧರಿಸುವ ನಮ್ಮ ಕಣ್ಣನ್ನೇ ಅವರು ಪರೀಕ್ಷೆಗೆ ಒಡ್ಡುತ್ತಾರೆ.

ಅಳತೆಯ ಪರದೆಯ ಮುಂದೆ ನಿಂತವರು ಹಿಂದೆ ಬಡವರು, ಕಾಡಿನವರು, ಬೇಡವೆನ್ನಲು ಶಕ್ತಿಯಿಲ್ಲದವರು. ಇಲ್ಲಿ ಹಾಗಲ್ಲ. ಅಳೆಸಿಕೊಳ್ಳುವವರೂ ಕಲಾವಿದೆಯೇ, ಆ ಪರದೆಯನ್ನು ಕಟ್ಟಿಸಿದವರೂ ಅವರೇ. ಕಪ್ಪು ಬಣ್ಣದ ಒಬ್ಬ ಸ್ತ್ರೀ, ಬಿಳಿಯ ಬಣ್ಣದ ಇನ್ನೊಬ್ಬ ಸ್ತ್ರೀ ಸಮಾನರಾಗಿ ಕೂಡಿ, ಒಂದು ಕಾಲದ ಯಜಮಾನಿಕೆಯ ಆಟವನ್ನು ಮರಳಿ ಆಡಿ ಅದರ ಹುರುಳನ್ನು ಬಯಲಿಗಿಟ್ಟಿದ್ದಾರೆ. ಮುಂದೆ 2014ರಲ್ಲಿ ಪುಷ್ಪಮಾಲಾ ಅವರು ಇನ್ನೂ ಒಂದು ಹೆಜ್ಜೆ ಹೋದರು. 1898ರಲ್ಲಿ ಪೋರ್ಚುಗೀಸ್ ಚಿತ್ರಕಾರ ವೆಲೋಸೊ ಸಾಲ್ಗಾದೊ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಸಾಮೂದಿರಿಯ ಮುಂದೆ ನಿಂತ ಚಿತ್ರವನ್ನು ಬರೆದಿದ್ದನು. ಅದನ್ನು ಛಾಯಾಚಿತ್ರವಾಗಿ ಪುನಃ ಕಟ್ಟಿದಾಗ ಗಾಮನ ಪಾತ್ರವನ್ನು ಅವರೇ ಧರಿಸಿದರು. ಕನ್ನಡನಾಡಿನ ಹೆಣ್ಣುಮಗಳು ಬಿಳಿಯ ದಂಡನಾಯಕನಾಗಿ ನಿಂತದ್ದನ್ನು ಅದೇ ವರ್ಷದ ಕೊಚ್ಚಿಯ ಕಲಾಮೇಳದಲ್ಲಿ ಜಗತ್ತು ನೋಡಿತು. ನಮ್ಮ ಓಣಿಯ ಹಗಲುವೇಷದವನ ಟೊಪ್ಪಿಗೆ ಕೇಳಿದ ಪ್ರಶ್ನೆಯೇ ಇದೂ ಅಲ್ಲವೇ?

ಇನ್ನು ಮನೆಯ ಮಾತು. ಕೆಲವು ವರ್ಷಗಳ ಹಿಂದೆ, ನಮ್ಮ ಸೀಮೆಯದೇ ಒಂದು ಊರಿನಲ್ಲಿ, ಕನ್ಯೆಯನ್ನು ನೋಡುವ ಶಾಸ್ತ್ರಕ್ಕೆ ಹಿರಿಯನೆಂದು ನನ್ನನ್ನು ಕರೆದೊಯ್ದಿದ್ದರು. ಎರಡೂ ಕಡೆಯವರು ಇಷ್ಟಲಿಂಗಧಾರಿಗಳು, ಮಠದ ಭಕ್ತರು. ವರನ ಕಡೆಯ ಹೆಂಗಸರು ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಭುಜಕ್ಕೆ ಭುಜ ಹೋಲಿಸಿ ಎತ್ತರ ನೋಡಿದರು. ಕಿಟಕಿಯ ಬೆಳಕಿಗೆ ಮುಂಗೈ ಹಿಡಿದು ಬಣ್ಣ ನೋಡಿದರು. ನಾಲ್ಕು ಹೆಜ್ಜೆ ನಡೆಸಿದರು. ಆಕೆಯ ತಾಯಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ಚಹಾದ ಬಟ್ಟಲನ್ನು ನೋಡುತ್ತ ಕುಳಿತೆನು. ಸಂಬಂಧ ಕೂಡಿಬರಲಿಲ್ಲ, ಬಣ್ಣ ಸ್ವಲ್ಪ ಕಡಿಮೆಯೆಂದು ಹೇಳಿಕಳುಹಿಸಿದರು. ಮುಂದೊಂದು ದಿನ ಜಾತ್ರೆಯಲ್ಲಿ ಭೆಟ್ಟಿಯಾದಾಗ ಆ ಹುಡುಗಿ ನಮಸ್ಕರಿಸಿ, “ಅಜ್ಜಾರ, ನಾನು ಏನು ಓದೀನಿ ಅಂತ ಅವತ್ತು ಯಾರೂ ಕೇಳಲಿಲ್ಲ” ಎಂದಷ್ಟೇ ನುಡಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಶಿಷ್ಯರೊಬ್ಬರ ಮಗಳು ಪುಷ್ಪಮಾಲಾ ಅವರ ಆ ಛಾಯಾಚಿತ್ರವನ್ನು ನನಗೆ ಮೊದಲು ತೋರಿಸಿದಾಗ ನನ್ನ ಕಣ್ಣಿಗೆ ಕಂಡದ್ದು ತೋಡ ಮಹಿಳೆಯಲ್ಲ; ಕಿಟಕಿಯ ಬೆಳಕಿಗೆ ಒಡ್ಡಿದ ಆ ಮುಂಗೈ. ಆಂಗ್ಲರು ಹೋದರು. ಚೌಕಗಳ ಪರದೆಯನ್ನು ಮಾತ್ರ ನಾವು ಮಡಿಚಿ ಮನೆಯೊಳಗೆ ಇಟ್ಟುಕೊಂಡಿದ್ದೇವೆ. ಇಂಥ ಮಾಸಪತ್ರಿಕೆಗಳ ಕೊನೆಯ ಪುಟದ ವಧು-ವರರ ಅಂಕಣವನ್ನು ಓದಿರಿ: ಎತ್ತರ, ಗೌರವರ್ಣ, ಒಳಪಂಗಡ ಇವು ಮೊದಲು, ವಿದ್ಯೆ ಅನಂತರ, ಸದಾಚಾರದ ಮಾತು ಬಹುಶಃ ಇಲ್ಲವೇ ಇಲ್ಲ. ಚಮ್ಮಾರಿಕೆಯ ಕಾಯಕದ ಹರಳಯ್ಯನವರ ಮನೆಗೂ ವಿಪ್ರಕುಲದಲ್ಲಿ ಹುಟ್ಟಿದ ಮಧುವರಸರ ಮನೆಗೂ ಬೀಗತನ ಬೆಳೆದುದಕ್ಕಾಗಿ ಕಲ್ಯಾಣದಲ್ಲಿ ಶರಣರು ಪ್ರಾಣವನ್ನೇ ತೆತ್ತರೆಂದು ನಾವು ಪುರಾಣ ಪ್ರವಚನಗಳಲ್ಲಿ ಪ್ರತಿವರ್ಷ ಕೇಳುತ್ತೇವೆ. ಕೇಳಿ ಮನೆಗೆ ಬಂದು ಒಳಪಂಗಡವನ್ನು ವಿಚಾರಿಸುತ್ತೇವೆ.

ಕಲಾವಿದೆಯ ಎಲ್ಲ ಕೃತಿಗಳನ್ನೂ ಎಲ್ಲರೂ ಮೆಚ್ಚಬೇಕೆಂದು ನಾನು ಹೇಳುವುದಿಲ್ಲ. ಆದರೆ ಆ ಒಂದು ಚಿತ್ರದ ಮುಂದೆ ನಮ್ಮ ಕುಟುಂಬಗಳು ಒಂದು ಗಳಿಗೆ ನಿಲ್ಲಬೇಕು. ಮುಂದಿನ ಸಲ ಕನ್ಯೆಯನ್ನು ನೋಡಲು ಹೋದಾಗ ಆಕೆಯನ್ನು ನಿಲ್ಲಿಸದೆ ಸಮನಾಗಿ ಕುಳ್ಳಿರಿಸಿ, “ತಂಗೀ, ಏನು ಓದಿದಿ, ನಿನ್ನ ಮನಸ್ಸಿನಲ್ಲಿ ಏನಿದೆ?” ಎಂದು ಕೇಳೋಣ. ಯಾರ ಕೈಯಲ್ಲಾದರೂ ಅಳತೆಗೋಲು ಕಂಡರೆ ಹಿರಿಯರಾದವರು ಚಹಾದ ಬಟ್ಟಲನ್ನು ನೋಡುತ್ತ ಕುಳ್ಳಿರದಿರಲಿ. ಅಂದು ನಾನು ಮಾಡಿದ ತಪ್ಪು ನಿಮ್ಮಿಂದ ಆಗದಿರಲಿ.