ಗಾಡಿ ನೀಲಿ ಹೊಗೆ ಬಿಟ್ಟರೆ

ನಾವು ಹಾಲು, ತರಕಾರಿ ಹೇರಿಕೊಂಡು ಬೈಕಿನಲ್ಲಿ ಪೇಟೆಗೆ ಹೋಗುತ್ತೇವೆ. ಗಾಡಿ ನಿಂತರೆ ನಮ್ಮ ದುಡಿಮೆಯೂ ನಿಂತಂತೆ.

ಸೈಲೆನ್ಸರಿನ ಹೊಗೆ ನೋಡಿ. ಫೋರ್ ಸ್ಟ್ರೋಕ್ ಗಾಡಿ ನೀಲಿ ಹೊಗೆ ಬಿಟ್ಟರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ.

ಆಯಿಲ್ ಒಳಗೆ ಹೇಗೆ ಬಂತು? ಎರಡು ದಾರಿ ಇವೆ.

ಒಂದು, ಮೇಲಿನಿಂದ. ಇಂಜಿನ್ನಿನ ಹೆಡ್ಡಿನಲ್ಲಿ ವಾಲ್ವ್ ಇರುತ್ತವೆ. 100 ಸಿಸಿ ಬೈಕಿನಲ್ಲಿ ಸಾಮಾನ್ಯವಾಗಿ 2 ವಾಲ್ವ್. ವಾಲ್ವಿನ ಕಡ್ಡಿಗೆ ಪುಟ್ಟ ರಬ್ಬರ್ ಸೀಲ್ ಇರುತ್ತೆ. ಬಿಸಿ ತಿಂದು ತಿಂದು ಅದು ಗಟ್ಟಿಯಾಗುತ್ತೆ. ಆಗ ಆಯಿಲ್ ಕೆಳಕ್ಕೆ ಜಿನುಗುತ್ತೆ.

ಎರಡು, ಕೆಳಗಿನಿಂದ. ಪಿಸ್ಟನ್ ರಿಂಗ್ ಸವೆದರೆ ಆಯಿಲ್ ಮೇಲಕ್ಕೆ ಏರುತ್ತೆ.

ಗುರುತು ಹಿಡಿಯುವುದು ಹೇಗೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಬಂದು, ಆಮೇಲೆ ನಿಂತರೆ ಸೀಲ್ ಹೋಗಿರಬಹುದು. ಓಡುವಾಗೆಲ್ಲಾ ಹೊಗೆ ಬಂದು, ಏರಿನಲ್ಲಿ ಗಾಡಿ ಎಳೆಯದಿದ್ದರೆ ರಿಂಗ್ ಸವೆದಿರಬಹುದು.

ಸೀಲಿನ ಬೆಲೆ ಕಡಿಮೆ. ಬೋರ್ ಮಾಡಿಸಲು ಖರ್ಚು ಬಹಳ. 'ಬೋರ್ ಮಾಡಿಸಿ' ಎಂದ ಕೂಡಲೇ ಒಪ್ಪುವುದು ಬೇಡ. 'ಅಣ್ಣಾ, ಮೊದಲು ಕಂಪ್ರೆಷನ್ ನೋಡಿ' ಎಂದು ಮೆಕ್ಯಾನಿಕ್‌ಗೆ ಹೇಳೋಣ. ಅದು ಸರಿಯಿದ್ದರೆ ಸೀಲ್ ಬದಲಾಯಿಸಿದರೆ ಸಾಕಾಗಬಹುದು. ಹೆಡ್ ಬಿಚ್ಚಿದಾಗ ವಾಲ್ವ್ ಗೈಡ್ ಕೂಡ ನೋಡಿಸೋಣ. ಗೈಡ್ ಸವೆದಿದ್ದರೆ ಹೊಸ ಸೀಲ್ ಬಾಳುವುದಿಲ್ಲ.

ಈಗ ಕೈಯಲ್ಲಿ ಕಾಸಿಲ್ಲವೇ? ಸ್ವಲ್ಪ ದಿನ ಓಡಿಸಬಹುದು. ಆದರೆ ಆಯಿಲ್ ನೋಡುತ್ತಲೇ ಇರಬೇಕು. ಸಣ್ಣ ಬೈಕಿಗೆ ಹಿಡಿಯುವುದೇ ಸುಮಾರು 1 ಲೀಟರ್. ಅಳತೆ ಕಡ್ಡಿಯ ಎರಡು ಗೆರೆಗಳ ನಡುವೆ ಆಯಿಲ್ ಇರಲಿ. ಕೆಳಗಿಳಿದರೆ ತುಂಬಿಸಿ. ಆಯಿಲ್ ಬತ್ತಿದರೆ ಇಂಜಿನ್ ಸೀಜ್ ಆಗುತ್ತೆ. ಸೀಲಿಗೆ ಹೋಗುವ ಕಾಸು ಉಳಿಸಲು ಹೋಗಿ ಸಾಲ ಮಾಡಬೇಕಾದೀತು.