ಶ್ರೀಲಂಕಾ ಹಣಕಾಸು ಗಟ್ಟಿನಾ? ಬಾಳೂರಿನಿಂದ ಒಂದು ಲೆಕ್ಕ

ಬಾಳೂರು ಕಡೆಯಿಂದ ಈ ಪಾಡ್‌ಕಾಸ್ಟ್ ಕೇಳೋರು ಹೆಚ್ಚಿನವರು ಕಾಫಿ ಜೊತೆ ಮೆಣಸು ಹಬ್ಬಿಸಿದವರು. ಶ್ರೀಲಂಕಾದ ಬ್ಯಾಂಕು ಕಟ್ಕೊಂಡು ನಮಗೇನು ಅಂತ ಅನ್ನಿಸಬಹುದು. ಅಗ್ಗದ ಮೆಣಸು ಹೊರಗಿಂದ ಬಂದು ಇಲ್ಲಿನ ದರ ಬೀಳ್ತಿದೆ ಅಂತಲೇ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ದರ ನಿಗದಿ ಮಾಡಿತ್ತು. ಆಗ ಬೆಳೆಗಾರರು ಬೊಟ್ಟು ಮಾಡಿದ್ದು ಶ್ರೀಲಂಕಾ ಕಡೆಗೇ. ಅಲ್ಲಿನ ರೂಪಾಯಿ ಕುಸಿದರೆ ಅಲ್ಲಿನ ಮಾಲು ಇನ್ನೂ ಅಗ್ಗವಾಗಬಹುದು.

ಸಣ್ಣ ದೇಶದ ಹಣಕಾಸು ಗಟ್ಟಿ ಇದೆಯಾ ಅಂತ ತಿಳಿಯೋಕೆ ನಾನು ಮೊದಲು ನೋಡೋದು ಡಾಲರ್ ಸಂಗ್ರಹ. ಶ್ರೀಲಂಕಾದಲ್ಲಿ 2019ರ ಕೊನೆಗೆ ಸುಮಾರು 760 ಕೋಟಿ ಡಾಲರ್ ಇತ್ತು. 2022ರ ಮಾರ್ಚ್ ಹೊತ್ತಿಗೆ 200 ಕೋಟಿಗಿಂತ ಕಡಿಮೆ. ಅದರಲ್ಲೂ ಸುಮಾರು 150 ಕೋಟಿಯಷ್ಟು ಚೀನಾ ಜೊತೆಗಿನ ಕರೆನ್ಸಿ ಒಪ್ಪಂದದ್ದು. ಷರತ್ತು ಇದ್ದದ್ದರಿಂದ ಬೇಕೆಂದಾಗ ಮುಟ್ಟೋ ಹಾಗಿರಲಿಲ್ಲ. ಹತ್ತು ಎಕರೆ ತೋಟ ಇದ್ದೂ ಮಾರ್ಚ್ ಕೊನೆಗೆ ಕೈಯಲ್ಲಿ ಕಾಸಿಲ್ಲದೆ ಸೊಸೈಟಿ ಸಾಲ ಸುಸ್ತಿ ಆಗುತ್ತಲ್ಲ, ಹಾಗೇ. 2022ರ ಏಪ್ರಿಲ್ 12ಕ್ಕೆ ವಿದೇಶಿ ಸಾಲ ಸದ್ಯಕ್ಕೆ ಕಟ್ಟಲ್ಲ ಅಂತ ಆ ದೇಶ ಘೋಷಿಸಿತು.

ಆಮೇಲೆ ನೋಡಬೇಕಾದ್ದು, ಬ್ಯಾಂಕುಗಳು ದುಡ್ಡು ಕೊಟ್ಟಿರೋದು ಯಾರಿಗೆ ಅಂತ. ಸರ್ಕಾರಿ ಬಾಂಡ್ ಅಂದ್ರೆ ಪೂರ್ತಿ ಭದ್ರ ಅಂತ ಬಿ.ಕಾಂ.ನಲ್ಲಿ ನಾವೆಲ್ಲ ಬರೆದು ಪಾಸಾದವರು. ಸರ್ಕಾರವೇ ಸುಸ್ತಿದಾರ ಆದರೆ? ಬಾಂಡಿನ ಬೆಲೆ ಇಳಿಯುತ್ತೆ, ಬ್ಯಾಂಕಿನ ಬಂಡವಾಳ ಕರಗುತ್ತೆ, ಜನ ಠೇವಣಿ ತೆಗೆಯೋಕೆ ಓಡ್ತಾರೆ. ಈ ಭಯ ಅಲ್ಲಿನ ಸರ್ಕಾರಕ್ಕೂ ಇತ್ತು. ಒಳಗಿನ ಸಾಲ ಸರಿಪಡಿಸೋ ಯೋಜನೆ ತಂದಾಗ, ಹಬ್ಬದ ರಜೆಗಳ ನಡುವೆ ಒಂದು ವಿಶೇಷ ರಜೆ ಸೇರಿಸಿ, 2023ರ ಜೂನ್ 29ರಿಂದ ಐದು ದಿನ ಬ್ಯಾಂಕುಗಳನ್ನೇ ಮುಚ್ಚಿದ್ರು. ಬ್ಯಾಂಕುಗಳ ಕೈಲಿದ್ದ ರೂಪಾಯಿ ಬಾಂಡುಗಳನ್ನ ಮುಟ್ಟಲಿಲ್ಲ. ಭಾರ ಬಿದ್ದದ್ದು ಕಾರ್ಮಿಕರ ಭವಿಷ್ಯನಿಧಿಯಂಥ ನಿಧಿಗಳ ಮೇಲೆ. ಬ್ಯಾಂಕು ಉಳಿಸೋಕೆ ಬೇರೆ ದಾರಿ ಇರಲಿಲ್ಲ ಅನ್ನೋರಿದ್ದಾರೆ. ನನಗಂತೂ ಇದು ಬಡವರ ಉಳಿತಾಯಕ್ಕೆ ಕೈ ಹಾಕಿದಂತೆಯೇ.

ಠೇವಣಿ ಉಳಿದವರಿಗೂ ಪೂರ್ತಿ ಉಳಿಯಲಿಲ್ಲ ಅನ್ನಿ. 2022ರ ಸೆಪ್ಟೆಂಬರಿನಲ್ಲಿ ಬೆಲೆ ಏರಿಕೆ ಶೇಕಡಾ 70ರ ಆಸುಪಾಸು. ಪಾಸ್‌ಬುಕ್ಕಿನ ಅಂಕಿ ಹಾಗೇ ಇತ್ತು, ಅದರಲ್ಲಿ ಸಿಗೋ ಅಕ್ಕಿ ಕಡಿಮೆಯಾಯ್ತು.

2023ರ ಮಾರ್ಚಿನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿದ ಮೇಲೆ ಉಸಿರು ಬಂತು. ನಂತರವೂ ಅವರ ಕೇಂದ್ರ ಬ್ಯಾಂಕು ಸಂಗ್ರಹದ ಮೊತ್ತ ಹೇಳುವಾಗ ಚೀನಾದ ಆ ಹಣ ಸೇರಿದೆ ಅಂತ ಅಡಿಟಿಪ್ಪಣಿ ಹಾಕ್ತಿತ್ತು. ದೊಡ್ಡ ಅಂಕಿಗಿಂತ ಮೊದಲು ನಾನು ಓದ್ತಿದ್ದದ್ದು ಆ ಸಾಲನ್ನೇ.